ಬಿ ಸೈಡಿನ ಆರತಿ ಪದ

ಶಿವರಾತ್ರಿಯ ಮರುದಿನ ಮಧ್ಯಾಹ್ನ ಊಟಕ್ಕೆ ಕೂತ ಕೆಂಚವೀರಪ್ಪನವರು ರೊಟ್ಟಿಯ ಅಂಚು ಮುರಿದು ಬದನೆಕಾಯಿ ಎಣ್ಣೆಗಾಯಿಯಲ್ಲಿ ಅದ್ದಿದರು. ಅದನ್ನು ಬಾಯಿಗೆ ಹಾಕಿಕೊಳ್ಳುವ ಮುಂಚೆ ಹೇಳಿದರು:

"ಅಂಗಡಿ ಚೌಕಿಪೇಟೆ ಪ್ಲಾಸ್ಟಿಕ್ಕಿನೋರಿಗೆ ಬಿಟ್ಟುಕೊಡ್ತೀನಂತ ಮಾತು ಕೊಟ್ಟೆ. ಬಸವ ಜಯಂತಿ ದಿನ ಅವರು ಪೂಜೆ ಇಟ್ಕಂಡಾರೆ."

ಹೇಳಿ, ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ಪಕ್ಕದಲ್ಲಿ ಕೂತಿದ್ದ ಮಗ ಕೊಟ್ರೇಶನ ಕೈ ತಟ್ಟೆಯಲ್ಲೇ ನಿಂತಿತು.

"ಬಕೆಟ್ ಮಾರೋರಿಗಾ, ಅಪ್ಪಾಜಿ?"

"ಬಕೆಟ್ಟು, ಕೊಡ, ಕುರ್ಚಿ. ವರ್ಷ ತುಂಬಾದ್ರೊಳಗೆ ಒಡೀತಾವೆ, ಮತ್ತೆ ಕೊಳ್ಳಾಕೆ ಬರ್ತಾರೆ. ನಿನ್ನ ಕ್ಯಾಸೆಟ್ಟು ಒಡೆಯೋದೂ ಇಲ್ಲ, ಹೋಗೋದೂ ಇಲ್ಲ. ಧೂಳು ಹೊಡಿಯಾಕೆ ಬಟ್ಟೆ ಖರ್ಚು."

ಕೊಟ್ರೇಶ ಮತ್ತೆ ರೊಟ್ಟಿ ಮುರಿದ. ಆರು ತಿಂಗಳಿಂದ ಅವನ ಅರ್ಧ ಮನಸ್ಸು ಜಯದೇವ ಸರ್ಕಲ್ಲಿನ ಹತ್ತಿರ ಗೆಳೆಯ ಇಟ್ಟಿದ್ದ ಕಂಪ್ಯೂಟರ್ ಸೆಂಟರಿನಲ್ಲಿತ್ತು. ಕೆಂಚವೀರಪ್ಪನವರ ಹೆಂಡತಿ ಕಸ್ತೂರಮ್ಮ ಮಜ್ಜಿಗೆ ತಂಬಿಗೆ ಹಿಡಿದು ಬಂದು, "ಹಾಕ್ಲೇನು?" ಎಂದಷ್ಟೇ ಕೇಳಿದರು. ಹಾಕಿ ಒಳಗೆ ಹೋದರು.

ರೊಟ್ಟಿ ಬಡಿಸಲು ನಿಂತಿದ್ದ ಸೊಸೆ ವಾಣಿಯನ್ನು ಯಾರೂ ನೋಡಲಿಲ್ಲ. ನೋಡಿದ್ದರೂ ಏನೂ ತಿಳಿಯುತ್ತಿರಲಿಲ್ಲ. ಹರಿಹರದಿಂದ ಈ ಮನೆಗೆ ಬಂದು ಎರಡು ವರ್ಷವಾಗಿದ್ದರೂ ಮಾವನ ಎದುರು ಒಂದು ಪೂರ್ತಿ ವಾಕ್ಯ ಆಡಿದವಳಲ್ಲ. ಬಿ.ಎ. ಮಾಡಿದ ಹುಡುಗಿ, ಆದರೆ ಹತ್ತು ಪ್ರಶ್ನೆಗೆ ಒಂದು 'ಹೂಂ' ಎಂದು ಅತ್ತೆ ನೆಂಟರ ಮುಂದೆ ತಮಾಷೆ ಮಾಡುತ್ತಿದ್ದರು. ಆ ವಾಣಿಗೆ ಈಗ ಕೈಯಲ್ಲಿದ್ದ ರೊಟ್ಟಿ ಬುಟ್ಟಿ ಭಾರವಾಯಿತು. ಅಂಗಡಿ ಹೋದರೆ ಅವಳ ಮಧ್ಯಾಹ್ನಗಳು ಹೋಗುತ್ತಿದ್ದವು.

ಅಶೋಕ ರಸ್ತೆಯ 'ಕಿನ್ನರಿ ಮ್ಯೂಸಿಕಲ್ಸ್' ಗ್ರಾಮಾಫೋನ್ ತಟ್ಟೆಗಳ ಕಾಲದ್ದು. ತಟ್ಟೆ ಹೋಗಿ ಕ್ಯಾಸೆಟ್ ಬಂದಾಗ ಕೆಂಚವೀರಪ್ಪನವರು ಒಂದು ನಿಟ್ಟುಸಿರನ್ನೂ ಬಿಡದೆ ಕಪಾಟು ಬದಲಿಸಿದವರು. ಹೊಸ ಸಿನಿಮಾದ ಕ್ಯಾಸೆಟ್ಟಿನ ಪೆಟ್ಟಿಗೆ ಬಂದ ದಿನ ರಸ್ತೆಯವರೆಗೆ ಜನ ನಿಲ್ಲುತ್ತಿದ್ದರು. ಹರಿಹರದ ಕಾರ್ಖಾನೆಯವರು ಸಂಬಳವಾದ ಭಾನುವಾರ ಹೆಂಡತಿ ಮಕ್ಕಳ ಸಮೇತ ಬಂದು, ಬೆಣ್ಣೆ ದೋಸೆ ತಿಂದು, ಕೈತುಂಬ ಕ್ಯಾಸೆಟ್ ಒಯ್ಯುತ್ತಿದ್ದರು. ಈಗ ಅವರ ಮನೆಗೆಲ್ಲ ಕೇಬಲ್ ಬಂದಿತ್ತು. ಇಲ್ಲಿ ಅಂಗಡಿಯ ಎದುರಿಗೇ ತಳ್ಳುಗಾಡಿಯವನೊಬ್ಬ ನೂರೈವತ್ತು ಹಾಡಿನ ಸೀಡಿಯನ್ನು ಒಂದು ಕ್ಯಾಸೆಟ್ಟಿನ ಬೆಲೆಗೆ ಕೂಗಿ ಕೂಗಿ ಮಾರುತ್ತಿದ್ದ. ಬಂದ ಗಿರಾಕಿ ಕವರ್ ತಿರುವಿ ನೋಡಿ, "ಇದ್ರಾಗೆ ಎಂಟೇ ಹಾಡಾ?" ಎಂದು ಕೇಳಿ ಅಲ್ಲಿಗೇ ಇಟ್ಟು ಹೋಗುತ್ತಿದ್ದ.

ಉಳಿದಿದ್ದು ಹಿಂದಿನ ಖೋಲಿಯ ಕೆಲಸ. ಗಿರಾಕಿ ತನಗೆ ಬೇಕಾದ ಹಾಡುಗಳನ್ನು ಹೇಳಿದರೆ ಅವನ್ನೆಲ್ಲ ಹುಡುಕಿ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು. ಈ ಕೆಲಸಕ್ಕೆ ಕೆಂಚವೀರಪ್ಪನವರು ಹಾಕಿದ ಕಟ್ಟಳೆ ಒಂದಿತ್ತು: ಖಾಲಿ ಟೇಪ್ ಬಿಡಬಾರದು. ಗಿರಾಕಿ ಹೇಳಿದ ಹಾಡು ಮುಗಿದು ಟೇಪ್ ಉಳಿದರೆ ಯಾವುದಾದರೂ ಒಳ್ಳೆಯ ಹಾಡು ಹಾಕಿ ತುದಿಯವರೆಗೆ ತುಂಬಬೇಕು. ಸೇರು ಅಳೆಯುವಾಗ ಮೇಲೊಂದು ಹಿಡಿ ಹಾಕುವ ಮನೆತನ ಅವರದು.

ಹೋದ ವರ್ಷ ಕೊಟ್ರೇಶ ಕಂಪ್ಯೂಟರ್ ಕಲಿಯಲು ಹೊರಟಾಗ, ಮಧ್ಯಾಹ್ನ ಮಾವ ಮಲಗಿ ಏಳುವ ತನಕ ಕೂತಿರಲಿ ಎಂದು ವಾಣಿಯನ್ನು ಅಂಗಡಿಗೆ ಕಳಿಸಿದರು. ಮೊದಲ ವಾರ ಅವಳು ಗಲ್ಲಾಪೆಟ್ಟಿಗೆಯ ಹಿಂದೆ ಗೊಂಬೆಯ ಹಾಗೆ ಕೂತಿದ್ದಳು. ಎರಡನೆಯ ವಾರ ಆಜಾದ್ ನಗರದ ಬಿಲ್ಕೀಸ್ ಎಂಬ ಹೆಂಗಸು ಬಂದಳು. ಅತ್ತ ಇತ್ತ ನೋಡಿ, ಗಂಡಸರಿಲ್ಲವೆಂದು ಖಾತ್ರಿ ಮಾಡಿಕೊಂಡು, ಬುರ್ಖಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ಒಂದು ಧಾಟಿ ಗುನುಗಿದಳು.

"ಮಾತು ಗೊತ್ತಿಲ್ಲ ಅಕ್ಕಾ. ಚಿಕ್ಕೋಳಿದ್ದಾಗ ರೇಡಿಯೋದಾಗೆ ಬರ್ತಿತ್ತು. ಹುಡುಕ್ತೀರಾ?"

ವಾಣಿ ಹುಡುಕಿದಳು. ಎರಡು ದಿನ ಹಿಂದಿನ ಖೋಲಿಯಲ್ಲಿ ಹಳೇ ತಟ್ಟೆಗಳನ್ನು ಒಂದೊಂದಾಗಿ ಹಾಕಿ ಹಾಕಿ ಹುಡುಕಿದಳು. ಸಿಕ್ಕಿತು. ಬಿಲ್ಕೀಸ್ ಮತ್ತೆ ಮೂವರನ್ನು ಕರೆತಂದಳು. ಆಮೇಲೆ ಗಂಡಸರ ಮುಂದೆ ಗುನುಗಲು ನಾಚುವ ಹೆಂಗಸರೆಲ್ಲ ಮಧ್ಯಾಹ್ನದ ಹೊತ್ತು ನೋಡಿ ಬರತೊಡಗಿದರು. ಖೋಲಿಗೆ ಗಲ್ಲಿಯ ಕಡೆಯಿಂದಲೂ ಒಂದು ಬಾಗಿಲಿತ್ತು. ಅವರು ಅದನ್ನೇ ಬಳಸಿದರು. ಮನೆಯಲ್ಲಿ ಮಾತಾಡದ ವಾಣಿ ಅಲ್ಲಿ, "ಇನ್ನೊಂದ್ಸಲ ಹೇಳ್ರಿ, ಸ್ವಲ್ಪ ಎಳೆದು ಹೇಳ್ರಿ" ಎನ್ನುತ್ತಿದ್ದಳು.

ಇದನ್ನು ಮಾವನಿಗೆ ಹೇಳುವುದು ಹೇಗೆ? ಅವತ್ತು ರಾತ್ರಿ ಗಂಡನಿಗೆ ಹೇಳಿ ನೋಡಿದಳು.

"ಒಂದು ಮಾತು ಅಪ್ಪಾಜಿಗೆ ಹೇಳ್ರಿ."

"ನೀನೇ ಹೇಳು. ನನಗೆ ಅಂಗಡಿ ಹೋದ್ರೆ ಬ್ಯಾಸರ ಇಲ್ಲ. ಸುಳ್ಳು ಹೇಳಾಕೆ ಬರಲ್ಲ."

"ನಾನು ಹೆಂಗೆ ಹೇಳ್ಲಿ?"

"ಗಿರಾಕಿ ಕೂಡ ಹೆಂಗೆ ಮಾತಾಡ್ತೀಯೋ ಹಂಗೆ" ಎಂದು ಕೊಟ್ರೇಶ ಮಗ್ಗುಲಾದ.

ಯುಗಾದಿ ಹತ್ತಿರ ಬಂತು. ಕೆಂಚವೀರಪ್ಪನವರ ತಂಗಿ, ಹರಿಹರದ ಸರ್ವಮಂಗಳಮ್ಮನ ಕಿರಿಮಗಳ ಮದುವೆ ಯುಗಾದಿ ಕಳೆದು ಹತ್ತು ದಿನಕ್ಕೆ ಗೊತ್ತಾಗಿತ್ತು. ವಾಣಿಯನ್ನು ಈ ಮನೆಗೆ ನೋಡಿ ತಂದವಳೇ ಈ ಸರ್ವಮಂಗಳಮ್ಮ. ಅವಳ ಮನೆಗೆ ಕೊಂಡೊಯ್ಯಲು ಕಸ್ತೂರಮ್ಮ ಶಾವಿಗೆ ಒತ್ತಲು ಶುರುಮಾಡಿದರು. ಅತ್ತೆ ಶಾವಿಗೆ ಒರಳಿನ ಹಿಡಿ ಒತ್ತುವುದು, ಸೊಸೆ ಕೆಳಗೆ ಇಳಿದ ಎಳೆಗಳನ್ನು ಕೋಲಿಗೆ ಹಾಕಿ ಮಾಳಿಗೆಯ ಮೇಲೆ ಒಣಗಿಸುವುದು. ಒತ್ತುವಾಗ ಅತ್ತೆ ಒಂದು ಆರತಿ ಪದ ಹೇಳಿಕೊಳ್ಳುತ್ತಿದ್ದುದನ್ನು ವಾಣಿ ಮೂರು ದಿನದಿಂದ ಕೇಳುತ್ತಿದ್ದಳು. ತವರಿನಿಂದ ತಂದ ಪದವದು. ಪ್ರತಿ ನುಡಿಯ ಕೊನೆಗೆ ಮದುಮಗಳ ಬಳಗದವರ ಒಂದೊಂದು ಹೆಸರು ಬರಬೇಕು. ಅಜ್ಜಿ, ಸೋದರತ್ತೆ, ಅಕ್ಕ, ಚಿಕ್ಕಮ್ಮ, ಹೀಗೆ ಯಾರೂ ಬಿಟ್ಟುಹೋಗಬಾರದು. ಸರ್ವಮಂಗಳಮ್ಮನ ಮನೆಯವರ ಹೆಸರುಗಳನ್ನು ಅತ್ತೆ ಕೂಡಿಸಿ, ತಪ್ಪಿದರೆ ಮತ್ತೆ ಮೊದಲಿಂದ ಹೇಳುತ್ತಿದ್ದರು.

"ಮದುವ್ಯಾಗೆ ಹೇಳ್ತೀರಾ ಅತ್ತಿ?"

"ಯಾರು ಹೇಳು ಅಂತಾರೆ? ನನಗೆ ಬಾಯಿ ಸುಮ್ನಿರಲ್ಲ, ಅದಕ್ಕೆ."

ಅತ್ತೆಗೆ ಹೇಳುವ ಆಸೆಯಿದೆ ಎಂದು ವಾಣಿಗೆ ತಿಳಿಯಿತು. ಮರುದಿನ ಅಂಗಡಿಯ ಸಣ್ಣ ಟೇಪ್ ರೆಕಾರ್ಡರನ್ನು ಸೆರಗಿನಲ್ಲಿ ತಂದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಗುಂಡಿ ಒತ್ತಿದಳು. ಪದ ಚೆನ್ನಾಗಿ ಬಂತು. ಪದ ಮುಗಿದ ಮೇಲೆ ಅತ್ತೆ ಮಾತಿಗೆ ಶುರುಮಾಡಿದರು, ಅದೂ ಬಂತು. ಎದುರಿಗೇ ಎದ್ದು ಹೋಗಿ ನಿಲ್ಲಿಸುವುದು ಹೇಗೆ? ಅಂಗಡಿಯಲ್ಲಿ ಪದವನ್ನಷ್ಟೇ ಇಳಿಸಿಕೊಂಡರಾಯಿತು ಎಂದುಕೊಂಡಳು.

ಮದುವೆಗೆ ಮೈಕ್ ಹಾಕುವ ಹರಿಹರದ ಬೊಮ್ಮಣ್ಣ ಸರ್ವಮಂಗಳಮ್ಮನ ಪರವಾಗಿ ಮದುವೆ ಹಾಡುಗಳ ಒಂದು ಕ್ಯಾಸೆಟ್ ತುಂಬಿಸಲು ಹೇಳಿಹೋಗಿದ್ದ. ವಾಣಿ ಆ ದಿನ ಹೋಳಿಗೆ ಹೂರಣ ರುಬ್ಬಬೇಕಿತ್ತು. ಗಂಡನ ಕೈಗೆ ಅತ್ತೆಯ ದನಿಯಿದ್ದ ಮೂಲ ಕ್ಯಾಸೆಟ್ ಕೊಟ್ಟಳು.

"ಬಿ ಸೈಡಿನ ಕೊನೆಗೆ ಅತ್ತಿ ಪದ ಹಾಕ್ರಿ. ಪದ ಮುಗಿದ ಕೂಡ್ಲೇ ನಿಲ್ಲಿಸ್ರಿ."

"ಅವ್ವಂದಾ? ಅವ್ವಂಗೆ ಗೊತ್ತಾ?"

"ಅಲ್ಲಿ ಕೇಳ್ಲಿ. ಖುಷಿ ಆಗ್ತೈತೆ."

ಕೊಟ್ರೇಶ ಹಾಕಿದ. ಒಂದು ಡೆಕ್ಕಿನಿಂದ ಇನ್ನೊಂದಕ್ಕೆ ಇಳಿಸುವಾಗ ಅಂಗಡಿಯಲ್ಲಿ ದನಿ ಕಡಿಮೆ ಮಾಡಿ ಇಡುವುದು ವಾಡಿಕೆ. ಅಷ್ಟರಲ್ಲಿ ಕಂಪ್ಯೂಟರ್ ಗೆಳೆಯ ಬಂದು ಮೆಟ್ಟಿಲ ಮೇಲೆ ಕೂತ. ಪದ ಮುಗಿದರೂ ಟೇಪ್ ಉಳಿದಿತ್ತು. ಕೊಟ್ರೇಶನ ಕೈಗೆ ಹದಿನೈದು ವರ್ಷದ ಅಭ್ಯಾಸ: ತುದಿ ಬರುವ ತನಕ ನಿಲ್ಲಿಸದಿರುವುದು.

ಮದುವೆಯ ದಿನ ಹರಿಹರದ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಮುಗಿದು ಎರಡನೆಯ ಪಂಕ್ತಿ ಕೂತಿತ್ತು. ಗೋಧಿ ಹುಗ್ಗಿ, ಮೇಲೆ ತುಪ್ಪ. ಕೆಂಚವೀರಪ್ಪನವರು ಆನಗೋಡಿನ ಬೀಗರ ನಡುವೆ ಕೂತು ಉಪಚಾರ ಮಾಡಿಸಿಕೊಳ್ಳುತ್ತಿದ್ದರು. ಆ ಕಡೆ ಹೆಂಗಸರ ಸಾಲಿನಲ್ಲಿ ಕಸ್ತೂರಮ್ಮ, ಪಕ್ಕದಲ್ಲಿ ವಾಣಿ. ಮೈಕಿನ ಬೊಮ್ಮಣ್ಣ ಬಿ ಸೈಡ್ ಹಾಕಿ ಊಟಕ್ಕೆ ಹೋಗಿದ್ದ. ಸಿನಿಮಾ ಹಾಡುಗಳ ಗದ್ದಲ ಮುಗಿದು, ಶಾವಿಗೆ ಒರಳಿನ ಕಿರುಗುಟ್ಟುವಿಕೆಯೊಂದಿಗೆ ಒಂದು ಹೆಂಗಸಿನ ದನಿ ಮಂಟಪದ ನಾಲ್ಕು ಮೂಲೆಯಿಂದ ಬಂತು.

ವಾಣಿ ಅತ್ತೆಯ ಮುಖ ನೋಡಿದಳು. ಕಸ್ತೂರಮ್ಮ ಬಾಯಿಗೆ ಒಯ್ದ ಹುಗ್ಗಿಯನ್ನು ಎಲೆಗೆ ಇಳಿಸಿದರು. ಹುಗ್ಗಿ ಬಡಿಸುತ್ತಿದ್ದ ಸರ್ವಮಂಗಳಮ್ಮ ತನ್ನ ಹೆಸರು ಬಂದಾಗ ಸೌಟು ಹಿಡಿದಂತೆಯೇ ನಿಂತಳು. ಮದುಮಗಳ ಅಜ್ಜಿಯ ಹೆಸರು ಬಂತು, ಅಕ್ಕನ ಹೆಸರು ಬಂತು. ಆನಗೋಡಿನ ಬೀಗಿತ್ತಿಯರು, "ಯಾರು ಹೇಳೋದು? ಯಾರು?" ಎಂದು ಒಬ್ಬರನ್ನೊಬ್ಬರು ಕೇಳಿದರು. ಎಲ್ಲಿ ನೋಡಿದರೂ ಕತ್ತೆತ್ತಿದ ಮುಖಗಳು. ಕಸ್ತೂರಮ್ಮ ತಲೆ ತಗ್ಗಿಸಿದರೂ ತುಟಿ ನಕ್ಕಿತ್ತು.

ಪದ ಮುಗಿಯಿತು. ದನಿ ನಿಲ್ಲಲಿಲ್ಲ.

"ಈಗಿನ ಮದುವ್ಯಾಗೆ ಇದನ್ನ ಯಾರು ಕೇಳ್ತಾರೆ ಬಿಡು. ಸರ್ವಮಂಗಳ ಹೂಂ ಅತ್ತಿಗೆ ಅಂತಾಳೆ, ಆ ಕಡೆ ಮೈಕಿನೋನಿಗೆ ಕೈಸನ್ನೆ ಮಾಡ್ತಾಳೆ. ದೊಡ್ಡ ಮಗಳ ಮದುವ್ಯಾಗೆ ನನಗೆ ಉಡಿಸಿದ ಸೀರೆ ಪೆಟ್ಟಿಗ್ಯಾಗೆ ಐತೆ ನೋಡು. ರವೆ ಸೋಸಬೋದು ಅದ್ರಾಗೆ."

ಮಂಟಪದಲ್ಲಿ ಯಾರೋ ಕೆಮ್ಮಿದರು. ವಾಣಿ ಎಲೆ ಬಿಟ್ಟು ಎದ್ದು ಎಂಜಲು ಕೈಯಲ್ಲೇ ವೇದಿಕೆಯ ಹಿಂದೆ ಓಡಿದಳು.

"ನಮ್ಮ ಮನೆಯೋರು ಇನ್ನೂ ಚಂದ. ಹಾಡು ಮಾರಿದ ಜಾಗದಾಗೆ ಬಕೆಟ್ ನೇತು ಹಾಕ್ತಾರಂತೆ. ನನ್ನ ಕೇಳಿದ್ರಾ? ಮದುವೆ ಆದ ಹೊಸದ್ರಾಗೆ ತರಕಾರಿ ಕೊಳ್ಳಂಗೆ ನಟನೆ ಮಾಡ್ಕಂತ ಅಂಗಡಿ ಎದುರಿಗೆ ರಸ್ತೆ ಆಚೆ ನಿಂತು ಹಾಡು ಕೇಳ್ತಿದ್ದೆ. ಬದನೆಕಾಯಿ ಆರಿಸಿ ಆರಿಸಿ ಆ ತರಕಾರಿಯೋಳು ಬೈತಿದ್ಲು. ಇವರು ಕಣ್ಣಾರೆ ನೋಡ್ತಿದ್ರು. ಒಂದಿನ ಒಳಗೆ ಬಾ ಅನ್ಲಿಲ್ಲ..."

ವೇದಿಕೆಯ ಹಿಂದೆ ಹತ್ತಾರು ವೈರುಗಳು. ವಾಣಿ ಕೈಗೆ ಸಿಕ್ಕ ಒಂದನ್ನು ಎಳೆದಳು. ಮಂಟಪದ ಫ್ಯಾನುಗಳೆಲ್ಲ ನಿಂತವು. ಬೊಮ್ಮಣ್ಣನ ಮೈಕಿಗೆ ಬ್ಯಾಟರಿಯಿತ್ತು. ಫ್ಯಾನಿನ ಸದ್ದೂ ಇಲ್ಲದ ಮಂಟಪದಲ್ಲಿ ಅತ್ತೆಯ ದನಿ ಮತ್ತಷ್ಟು ಸ್ಪಷ್ಟವಾಗಿ, "ವಾಣಿ, ಹಾಲು ಉಕ್ಕತೈತೆ ನೋಡು ಹೋಗು" ಎಂದಿತು. ಕೊನೆಗೆ ಬೊಮ್ಮಣ್ಣನೇ ಹುಗ್ಗಿ ಕೈಯಲ್ಲಿ ಓಡಿಬಂದು ಮೊಣಕೈಯಿಂದ ಗುಂಡಿ ಒತ್ತಿದ.

"ಏನು ತುಂಬಿಕೊಟ್ರವ್ವಾ ನೀವು? ನನ್ನ ಹೊಟ್ಟಿ ಮ್ಯಾಲೆ ಹೊಡೀತೀರಲ್ಲ" ಎಂದ.

ದಾವಣಗೆರೆಗೆ ಬರುವ ಬಸ್ಸಿನಲ್ಲಿ ನಾಲ್ಕು ಜನ ನಾಲ್ಕು ಸೀಟಿನಲ್ಲಿ ಕೂತರು.

ಮನೆಗೆ ಬಂದು ಕಾಲು ತೊಳೆದ ಮೇಲೆ ಕೆಂಚವೀರಪ್ಪನವರು ಪಡಸಾಲೆಯಲ್ಲಿ ನಿಂತೇ ಕೇಳಿದರು. "ಯಾರ ಕೆಲಸ ಇದು?"

"ನಂದು ಮಾವ" ಎಂದಳು ವಾಣಿ.

"ತುಂಬಿದ್ದು ನಾನು" ಎಂದ ಕೊಟ್ರೇಶ. "ನಿಲ್ಲಿಸು ಅಂದಿದ್ಲು, ನಿಲ್ಲಿಸ್ಲಿಲ್ಲ. ಖಾಲಿ ಟೇಪ್ ಬಿಡಬ್ಯಾಡ ಅಂತ ಕೈಗೆ ಕಲಿಸಿದೋರು ನೀವೇ."

ಕೆಂಚವೀರಪ್ಪನವರು ಹೆಂಡತಿಯ ಕಡೆ ತಿರುಗಿದರು.

"ಇಷ್ಟು ವರ್ಷ ನನಗೆ ಹೇಳ್ಲಿಲ್ಲ. ಹಿಟ್ಟಿನ ಡಬ್ಬಿಗೆ ಹೇಳಿದಿ."

"ಡಬ್ಬಿ ಕೇಳಿಸ್ಕಂತು" ಎಂದು ಕಸ್ತೂರಮ್ಮ ಒಲೆ ಹಚ್ಚಲು ಹೋದರು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಕಸ್ತೂರಮ್ಮ ವಾಣಿಯ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲೇ ನಿಂತಿದ್ದರೂ ಮಗನನ್ನು ಕರೆದು, "ನಿನ್ನ ಹೆಂಡ್ತಿಗೆ ಹೇಳು, ಬ್ಯಾಳಿ ಬೆಂದೈತೆ ಅಂತ" ಎನ್ನುತ್ತಿದ್ದರು. ಕೊಟ್ರೇಶ, "ಬ್ಯಾಳಿ ಬೆಂದೈತಂತೆ" ಎನ್ನುತ್ತಿದ್ದ. ಮಾವ ಊಟದ ಹೊತ್ತಿಗೆ ಬಂದು ಉಂಡು ಹೋಗುತ್ತಿದ್ದರು. ಉಪ್ಪು ಕಡಿಮೆಯಿದ್ದರೂ ಕೇಳುತ್ತಿರಲಿಲ್ಲ.

ವಾಣಿ ಅಂಗಡಿಗೆ ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ. ಸಂಜೆ ಕೊಟ್ರೇಶ ಬಂದು, "ಆಜಾದ್ ನಗರದೋರು ಬಂದಿದ್ರು. ಅಕ್ಕ ಇಲ್ವಾ ಅಂತ ಕೇಳಿ, ನನ್ನ ಮುಂದೆ ಗುನುಗದೆ ಹೋದ್ರು" ಎಂದ. ಚೌಕಿಪೇಟೆಯವರು ಬಂದು ಗೋಡೆ ಅಳೆದು, ಎಲ್ಲಿ ಮೊಳೆ ಹೊಡೆಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ವಾಣಿ ಮಾಳಿಗೆಗೆ ಹೋಗಿ ಒಣಗಿದ ಸಂಡಿಗೆಯನ್ನು ಬಟ್ಟೆಯಿಂದ ಬಿಡಿಸುತ್ತಾ ಕೂತಳು. ತಾನು ಬಾಯಿ ಬಿಡದಿದ್ದರೆ ಇನ್ನು ಪ್ರತಿ ಬೇಸಿಗೆಯ ಪ್ರತಿ ಮಧ್ಯಾಹ್ನ ಇದೇ.

ಮದುವೆಯ ಮರು ಸೋಮವಾರ ಬೆಳಿಗ್ಗೆ ಸರ್ವಮಂಗಳಮ್ಮ ಬಂದಿಳಿದಳು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಹೊಸ್ತಿಲು ದಾಟಿ, ನೀರು ಸಹ ಕೇಳದೆ, ಚೀಲದಿಂದ ಒಂದು ಇಳಕಲ್ ಸೀರೆ ತೆಗೆದು ಅತ್ತಿಗೆಯ ಮಡಿಲಿಗೆ ಹಾಕಿದಳು.

"ತಗಾ ಅತ್ತಿಗೆ. ಇದ್ರಾಗೆ ರವೆ ಸೋಸು, ನೋಡ್ತೀನಿ."

ಕಸ್ತೂರಮ್ಮ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇದ್ರಾಗೆ ನೀರೂ ಇಳಿಯಲ್ಲ ಬಿಡು" ಎಂದರು. ನಾದಿನಿ ಅತ್ತಿಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಳಗೆ ವಾಣಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಾ ಕಿವಿ ಅಲ್ಲೇ ಇಟ್ಟಿದ್ದಳು.

"ನಾನು ಜಗಳಕ್ಕೆ ಬಂದಿಲ್ಲ" ಎಂದಳು ಸರ್ವಮಂಗಳಮ್ಮ. "ಆನಗೋಡಿನ ಬೀಗಿತ್ತಿ ತಂಗಿ ಮಗಳಿಗೆ ಬಸವ ಜಯಂತಿ ಆದ ವಾರಕ್ಕೆ ಮದುವೆ. ಆ ಪದದ ಕ್ಯಾಸೆಟ್ ಯಾವ ಅಂಗಡ್ಯಾಗೆ ಸಿಗ್ತೈತೆ ಅಂತ ಕೇಳಿದ್ರು. ಅಂಗಡ್ಯಾಗೆ ಸಿಗಲ್ಲ, ನಮ್ಮ ಅತ್ತಿಗೆ ಗಂಟಲಾಗೆ ಸಿಗ್ತೈತೆ ಅಂದೆ. ಅವರ ಕಡೆ ಹೆಸರೆಲ್ಲ ಸೇರಿಸಿ ಹೇಳ್ಬೇಕಂತೆ."

"ಬೈಗಳನೂ ಬೇಕಂತಾ?"

"ಬೈಗಳ ನಮ್ಮ ಮನೆಗೆ ಮಾತ್ರ ಸಾಕು. ಹರಿಹರದಾಗೂ ಇಬ್ರು ಕೇಳ್ಯಾರೆ. ಬೊಮ್ಮಣ್ಣನೇ ಅಂದ, ಅಂಥಾದ್ದೊಂದು ಇದ್ರೆ ಮದುವ್ಯಾಗೆ ಜನ ಊಟ ಬಿಟ್ಟು ಕೇಳ್ತಾರೆ ಅಂತ. ಎಲ್ಲಿ ನಮ್ಮ ಹುಡುಗಿ? ವಾಣಿ, ಬಾರೇ ಇಲ್ಲಿ. ಹೂಂ ಅನ್ನಾಕೂ ಬಾಯಿಲ್ಲದೋಳು ಅಂತ ತಂದ್ರೆ, ಇಡೀ ಮಂಟಪದ ಬಾಯಿ ಮುಚ್ಚಿಸಿದ್ಯಲ್ಲ."

ವಾಣಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಕಸ್ತೂರಮ್ಮ ಅವಳ ಮುಖ ನೋಡಿ, ಮಗನನ್ನು ಕರೆಯದೆ, "ನಿಂಬೆಹಣ್ಣು ಹಿಂಡಿದ್ಯಾ?" ಎಂದು ಕೇಳಿದರು.

ಆ ರಾತ್ರಿ ಊಟಕ್ಕೆ ಕೂತಾಗ ವಾಣಿ ರೊಟ್ಟಿ ಬಡಿಸಿ, ಶೇಂಗಾ ಚಟ್ನಿ ಹಾಕಿ, ಬುಟ್ಟಿಯನ್ನು ಕೆಳಗಿಟ್ಟಳು. ಒಳಗೆ ಹೋಗಲಿಲ್ಲ.

"ಮಾವ, ಅಂಗಡಿಯ ಹಿಂದಿನ ಖೋಲಿ ನನಗೆ ಬಿಡ್ರಿ."

ಕೆಂಚವೀರಪ್ಪನವರು ತಲೆಯೆತ್ತಿದರು. ಸೊಸೆಯ ದನಿ ಇಷ್ಟು ದಪ್ಪ ಎಂದು ಅವರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ಏನು ಮಾಡ್ತಿ ಅದ್ರಾಗೆ?"

"ಪದ ತುಂಬಿಕೊಡ್ತೀನಿ."

"ಮಾತು ಕೊಟ್ಟಾಗೈತೆ. ಇಡೀ ಅಂಗಡಿ ಅಂತ ಕೊಟ್ಟೀನಿ. ನಾನು ಮಾತು ತಿರುಗಿಸೋನಲ್ಲ."

"ತಿರುಗಿಸ್ಬ್ಯಾಡ್ರಿ. ಕೇಳ್ರಿ ಅಷ್ಟೇ. ಅವರಿಗೆ ರಸ್ತೆ ಕಡೆ ಬೇಕು. ಬಕೆಟ್ಟು ಕತ್ತಲ ಖೋಲ್ಯಾಗೆ ಯಾರು ನೋಡ್ತಾರೆ? ನನಗೆ ಗಲ್ಲಿ ಬಾಗಿಲು ಸಾಕು. ನಮ್ಮ ಹತ್ರ ಬರೋರು ಅದ್ರಾಗೇ ಬರೋದು."

"ಕ್ಯಾಸೆಟ್ಟಿಗೆ ಕಾಲ ಮುಗೀತು ಅಂತ ನಿನ್ನ ಗಂಡನೇ ಹೇಳ್ತಾನೆ."

"ಕಂಪನಿ ಕ್ಯಾಸೆಟ್ ಮುಗೀತು ಮಾವ. ಅದನ್ನ ನಾನೂ ಮಾರಲ್ಲ. ತಳ್ಳುಗಾಡಿಯೋನ ಜೋಡಿ ಜಿದ್ದಿಗೆ ಬಿದ್ದು ಗೆಲ್ಲಾಕೆ ಆಗಲ್ಲ. ಆದ್ರೆ ಅವನ ನೂರೈವತ್ತು ಹಾಡಿನಾಗೆ ಆನಗೋಡಿನ ಸೋದರತ್ತೆ ಹೆಸರು ಇರಲ್ಲ. ಅದನ್ನ ನಾವೇ ತುಂಬಬೇಕು. ಮದುವೆಗೊಂದು ಬ್ಯಾರೆ, ಮನೆಗೊಂದು ಬ್ಯಾರೆ. ನಾಳೆ ಕ್ಯಾಸೆಟ್ ಹೋಗಿ ಸೀಡಿ ಬಂದ್ರೆ ಸೀಡಿಗೆ ತುಂಬ್ತೀನಿ. ಇವರು ಕಲಿಸ್ತಾರೆ."

ಕೊಟ್ರೇಶ ರೊಟ್ಟಿ ಅಗಿಯುತ್ತಲೇ ತಲೆಯಾಡಿಸಿದ. "ಕಲಿಸ್ತೀನಿ."

"ಪದ ಯಾರು ಹೇಳೋರು?" ಎಂದು ಕೆಂಚವೀರಪ್ಪನವರು ಕೇಳಿದರು. ಕೇಳುವಾಗ ಹೆಂಡತಿಯ ಕಡೆ ನೋಡಲಿಲ್ಲ.

"ನಾನು" ಎಂದರು ಕಸ್ತೂರಮ್ಮ. "ಆಮೇಲೆ ಆವರಗೆರೆ ದುರುಗವ್ವಂಗೆ ತೊಟ್ಟಿಲು ಪದ ಬರ್ತೈತೆ, ಅವಳನ್ನೂ ಕರೀತೀನಿ. ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು ಹೋಗ್ತೀವಿ. ಮಧ್ಯಾಹ್ನ ನೀವೇ ಬಡಿಸ್ಕಳ್ರಿ. ತಟ್ಟೆ ತೊಳೆದಿಡ್ರಿ."

"ತಟ್ಟೆ?"

"ನೀವು ಉಂಡ ತಟ್ಟೆ."

ಕೆಂಚವೀರಪ್ಪನವರು ಮಜ್ಜಿಗೆ ಕುಡಿದು ಬಾಯೊರೆಸಿಕೊಂಡರು. ಅವರ ವ್ಯಾಪಾರದ ಬುದ್ಧಿ ಆಗಲೇ ಕೆಲಸಕ್ಕೆ ಇಳಿದಿತ್ತು. "ದೀಪಾವಳಿ ತನಕ ನೋಡ್ತೀನಿ. ಖೋಲಿ ತನ್ನ ಬಾಡಿಗೆ ತಾನು ಹುಟ್ಟಿಸ್ಲಿಲ್ಲ ಅಂದ್ರೆ ಬಕೆಟ್ಟಿನೋರ ಗೋದಾಮು."

"ಆಗ್ಲಿ" ಎಂದಳು ವಾಣಿ. "ಹುಟ್ಟಿಸ್ತೈತೆ."

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೆಂಚವೀರಪ್ಪನವರು ಚೌಕಿಪೇಟೆಗೆ ಹೋದರು. ಹಿಂದಿರುಗಿದಾಗ ಕಂಕುಳಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬುಟ್ಟಿಯಿತ್ತು. "ಖೋಲಿ ಬ್ಯಾಡಂತೆ. ಇಲಿ ಕಾಟ ಅಂತ ಅವರಿಗೂ ಮನಸ್ಸಿರ್ಲಿಲ್ಲ. ಬುಟ್ಟಿ ಬ್ಯಾರೆ ಕೊಟ್ರು" ಎಂದು ಅದನ್ನು ಅಡುಗೆಮನೆಯ ಬಾಗಿಲಲ್ಲಿಟ್ಟು ಹೋದರು.

ಬಸವ ಜಯಂತಿಯ ದಿನ ಅಂಗಡಿಯ ಮುಂದೆ ಮಾವಿನ ತೋರಣ ಕಟ್ಟಿದರು. 'ಕಿನ್ನರಿ'ಯ ಬೋರ್ಡ್ ಇಳಿಯಿತು. ಉಳಿದ ಕ್ಯಾಸೆಟ್ಟುಗಳನ್ನು ಕೊಟ್ರೇಶ ಹಿಂದಿನ ವಾರವೇ ಮೆಟ್ಟಿಲ ಮೇಲೆ ರಾಶಿ ಸುರಿದು, ಕೇಳಿದ ಬೆಲೆಗೆ ಕೊಟ್ಟು ಮುಗಿಸಿದ್ದ. ಕೆಂಪು, ಹಸಿರು, ಹಳದಿ ಬಕೆಟ್ಟುಗಳು ಸೂರಿನಿಂದ ತೂಗಾಡಿದವು. ವಾಣಿ ಅದನ್ನು ಒಂದು ಗಳಿಗೆ ನಿಂತು ನೋಡಿದಳು. ಬೇಸರವಾಗುತ್ತದೆ ಎಂದುಕೊಂಡಿದ್ದಳು. ಆದರೆ ಆನಗೋಡಿನವರು ಹತ್ತು ಗಂಟೆಗೆ ಬರುವವರಿದ್ದರು, ಬೇಸರಕ್ಕೆ ಪುರುಸೊತ್ತಿರಲಿಲ್ಲ.

ಗಲ್ಲಿಯ ಬಾಗಿಲಿಗೆ ರಂಗೋಲಿ ಹಾಕಿ, ಖೋಲಿಯಲ್ಲಿ ಚಾಪೆ ಹಾಸಿ, ಹೊರಗಿನ ಸದ್ದು ತಡೆಯಲು ಗೋಡೆಗೆ ಹಳೇ ಕಂಬಳಿ ಹೊಡೆದಿದ್ದರು. ಕಸ್ತೂರಮ್ಮ ಇಳಕಲ್ ಸೀರೆ ಉಟ್ಟು, ಯಾರೂ ಕರೆಯುವ ಮುಂಚೆಯೇ ಒಳಗೆ ಬಂದು ಚಾಪೆಯ ನಡುವೆ ಕೂತರು. ಆನಗೋಡಿನ ಹೆಂಗಸರು ಬಂದು ಹೆಸರು ಹೇಳಿದರು. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಪದ ಸರಿಯಾಗಿ ಬಂತು. ಪದ ಮುಗಿದ ಕೂಡಲೇ ಕಸ್ತೂರಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಣ್ಣಲ್ಲೇ ಕೇಳಿದರು. ವಾಣಿ ಗುಂಡಿ ಎತ್ತಿ, "ನಿಂತೈತೆ ಅತ್ತಿ, ಈಗ ಬೈರಿ" ಎಂದಳು. ಹೆಂಗಸರೆಲ್ಲ ನಕ್ಕರು.

ಅವರು ಹೋದ ಮೇಲೆ ಬಾಗಿಲಲ್ಲಿ ನೆರಳಾಯಿತು. ಕೆಂಚವೀರಪ್ಪನವರು. ಹಣೆಯ ಮೇಲೆ ಅಗಲ ವಿಭೂತಿ, ಕೈಯಲ್ಲಿ ಪೂಜೆಯ ಪೇಢೆ. ಗಲ್ಲಿಯಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು.

"ನಮ್ಮ ಮನೇದೂ ಒಂದು ತುಂಬಿಕೊಡ್ತೀರೇನು?"

ವಾಣಿ ಅತ್ತೆಯ ಕಡೆ ನೋಡಿದಳು. ಕಸ್ತೂರಮ್ಮ ನಗಲಿಲ್ಲ. ಬೇರೆ ಗಿರಾಕಿಗಳಿಗೆ ಹೇಳಿದಂತೆಯೇ ಹೇಳಿದರು.

"ಬರ್ರಿ, ಕೂಡ್ರಿ. ಮನೆಯೋರ ಹೆಸರು ಹೇಳ್ರಿ."

ಅವರು ಚಪ್ಪಲಿ ಬಿಟ್ಟು ಬಂದು ಚಾಪೆಯ ಅಂಚಿಗೆ ಕೂತರು. "ನಮ್ಮವ್ವ ಕೆಂಚವ್ವ. ತಂಗಿ ಸರ್ವಮಂಗಳ. ಮಗ ಕೊಟ್ರೇಶ. ಸೊಸಿ ವಾಣಿ." ಅಲ್ಲಿಗೆ ನಿಲ್ಲಿಸಿದರು.

"ಮನೆ ಯಜಮಾನ್ತಿ?"

ಗೋಡೆಯಾಚೆ ಯಾರೋ ಕೊಡದ ಬೆಲೆ ಚೌಕಾಸಿ ಮಾಡುತ್ತಿದ್ದರು. ಎರಡು ವರ್ಷದಲ್ಲಿ ಮಾವ ಅತ್ತೆಯನ್ನು ಹೆಸರು ಹಿಡಿದು ಕರೆದಿದ್ದನ್ನು ವಾಣಿ ಕೇಳಿರಲಿಲ್ಲ. 'ಏ', 'ಇವಳೇ', 'ಕೊಟ್ರೇಶನ ಅವ್ವ', ಇಷ್ಟೇ. ಅವರ ಕಾಲದವರಿಗೆ ಅದು ಬಾಯಿಗೆ ಬರುವ ಮಾತಲ್ಲ. ಕೆಂಚವೀರಪ್ಪನವರು ಕಂಬಳಿ ಹೊಡೆದ ಗೋಡೆ ನೋಡಿದರು, ಪೇಢೆಯ ಪೊಟ್ಟಣ ನೋಡಿದರು. ಆಮೇಲೆ ಏನೋ ಗೊಣಗಿದರು.

"ಕೇಳಿಸ್ಲಿಲ್ಲ" ಎಂದರು ಕಸ್ತೂರಮ್ಮ.

"ಕಸ್ತೂರಮ್ಮ."

"ತಪ್ಪು ಹೆಸರು ಸೇರಿಸಿದ್ರೆ ಆಮೇಲೆ ನನ್ನ ಮ್ಯಾಲೆ ಬರ್ತೀರಿ. ಇನ್ನೊಂದ್ಸಲ ಹೇಳ್ರಿ."

"ಕಸ್ತೂರಮ್ಮ" ಎಂದು ಅವರು ಹೇಳಿದರು. ಗೋಡೆಯಾಚೆಯ ಚೌಕಾಸಿ ಒಂದು ಗಳಿಗೆ ನಿಂತಿತು.

ವಾಣಿ ಹೊಸ ಕ್ಯಾಸೆಟ್ ಹಾಕಿ ಕೆಂಪು ಗುಂಡಿಯ ಮೇಲೆ ಬೆರಳಿಟ್ಟಳು.